ಬೆಟಗೇರಿಯ ಕೆಂಪು ನೂಲಿನ ಲೇಸು

ನಲವತ್ತು ಜೋಡಿ, ನೂಲು ಸುತ್ತಿದ ಕಟ್ಟಿಗೆಯ ಬಾಬಿನ್‌ಗಳು ಒಂದಕ್ಕೊಂದು ತಾಕುವ ಸಪ್ಪಳ ಈಗಿನವರು ಕೇಳಿರಲಿಕ್ಕಿಲ್ಲ. ಚೌಕಾಬಾರ ಆಡುವಾಗ ನಮ್ಮ ಅಜ್ಜಿ ಕವಡಿಗಳನ್ನು ಚೆಲ್ಲದೆ ಅಂಗೈಯೊಳಗೇ ಉರುಳಿಸುತ್ತ ವಿಚಾರ ಮಾಡುತ್ತಿದ್ದಳು. ಆ ಸಪ್ಪಳದ ಹಾಗೆ, ಆದರೆ ಹನ್ನೆರಡು ಅಂಗೈಗಳಿಂದ ಒಮ್ಮೆಲೇ. ಗದಗಿನ ನಮ್ಮ ಕಾನ್ವೆಂಟಿನ ಲೇಸ್ ರೂಮಿನಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅದೊಂದೇ ಸಪ್ಪಳ. ಯಾರಾದರೂ ಪಿಸುಗುಟ್ಟಿದರೆ ಸಿಸ್ಟರ್ ತಲೆ ಎತ್ತದೆ ಅನ್ನುತ್ತಿದ್ದರು: "ಬಾಬಿನ್ ಮಾತಾಡ್ತದೆ. ಹುಡುಗಿ ಮಾತಾಡೂದಿಲ್ಲ."

ಸಿಸ್ಟರ್ ಯುರೋಪಿನವರು. ಲೇಸ್ ಅವರಿಗೆ ಅವರ ತಾಯಿಯ ತಾಯಿಯಿಂದ ಬಂದದ್ದಂತೆ. ಗಟ್ಟಿಯಾಗಿ ತುಂಬಿದ ಒಂದು ದಿಂಬು, ಅದರ ಮೇಲೆ ತೂತು ಚುಚ್ಚಿದ ಕಾರ್ಡ್, ತೂತಿಗೊಂದು ಹಿತ್ತಾಳೆಯ ಪಿನ್ನು. ಬಾಬಿನ್ನಿಗೆ ಸುತ್ತಿದ ನೂಲು ಆ ಪಿನ್ನುಗಳ ಸುತ್ತ ಹೆಣೆದುಕೊಳ್ಳುತ್ತ ಕೆಳಗಿಳಿಯಬೇಕು. ಇಡೀ ವಿದ್ಯೆಯಲ್ಲಿ ಇರುವುದು ಎರಡೇ ಚಲನೆ: ಕ್ರಾಸ್ ಮತ್ತು ಟ್ವಿಸ್ಟ್. ಬಲಗಡೆಯ ಎಳೆ ಎಡಗಡೆಯದರ ಮೇಲೆ, ಎಡಗಡೆಯದು ಬಲಗಡೆಯದರ ಮೇಲೆ. ನನಗೆ ಅದು ಎಂದೂ ಚೆನ್ನಾಗಿ ಬರಲಿಲ್ಲ. ಡ್ರಾಯಿಂಗ್ ಚೆನ್ನಾಗಿತ್ತು, ಸೂಜಿ ಕೆಲಸ ತಕ್ಕಮಟ್ಟಿಗೆ ಬರುತ್ತಿತ್ತು. ಇಂಗ್ಲಿಷ್ ಮಾತ್ರ ಫಸ್ಟ್ ಕ್ಲಾಸ್. ಅದರ ಗರ್ವ ಬಹಳವಿತ್ತು.

ನನ್ನ ಪಕ್ಕದ ದಿಂಬು ಬೆಟಗೇರಿಯ ಗೆಳತಿಯದು. ಅವಳ ಅಪ್ಪ ಅಲ್ಲಿನ ನೇಕಾರರಿಗೆ ನೂಲಿಗೆ ಬಣ್ಣ ಹಾಕಿಕೊಡುತ್ತಿದ್ದರು. ಮೊಣಕೈತನಕ ನೀಲಿಗಟ್ಟಿದ ಕೈ, ಬಹಳ ಮೆಲ್ಲಗಿನ ಮಾತು. ಬಾಬಿನ್ನಿಗೆ ಅವಳು ಮಗ್ಗದವರ ಹಾಗೆ ಕಂಡಿಕಿ ಅನ್ನುತ್ತಿದ್ದಳು. ಅವಳ ಬೆರಳು ಓಡುವುದನ್ನು ನೋಡುತ್ತ ಸಿಸ್ಟರ್ ಕೆಲವೊಮ್ಮೆ ತಮ್ಮ ಕೆಲಸ ಮರೆತು ನಿಂತುಬಿಡುತ್ತಿದ್ದರು.

ಸ್ವಾತಂತ್ರ್ಯ ಬಂದ ವರ್ಷ ಮಳೆಗಾಲದ ಕೊನೆಗೆ ಹೊಸ ಕಲೆಕ್ಟರ್ ಸಾಹೇಬರ ಹೆಂಡತಿ ಕಾನ್ವೆಂಟ್ ನೋಡಲು ಬರುವವರಿದ್ದರು. ಅವರ ಎದುರು ಚಹಾ ತರುವ ಟ್ರೇಗೆ ಒಂದು ಕ್ಲಾತ್ ಬೇಕು, ನಾಲ್ಕೂ ಬದಿಗೆ ನಮ್ಮ ಕೈಯ ಲೇಸ್ ಇರಬೇಕು. ಅಲ್ಲಿಯವರೆಗೆ ನಾವು ಬಿಳಿ ನೂಲನ್ನು ಬಿಟ್ಟು ಬೇರೆ ಮುಟ್ಟಿದವರಲ್ಲ. "ಲೇಸ್ ಈಸ್ ವೈಟ್" ಎಂದು ಸಿಸ್ಟರ್ ನೂರು ಸಲ ಹೇಳಿದ್ದರು. ಗೆಳತಿ ಎದ್ದು ನಿಂತು ಕೇಳಿದಳು:

"ಯಾಕ್ರಿ ಸಿಸ್ಟರ್, ದೇವರು ಬರೀ ಬಿಳೀ ಹೂವಷ್ಟ ಮಾಡ್ಯಾನೇನ್ರಿ?"

ಸಿಸ್ಟರ್ ನಕ್ಕರು. ಈ ಹೊಸ ಕಾಲದಲ್ಲಿ ಬಣ್ಣ ಇದ್ದರೆ ಒಳ್ಳೆಯದೇ ಎಂದು ಅವರಿಗೂ ಅನಿಸಿರಬೇಕು. ಝಂಡಾದ ಮೂರು ಬಣ್ಣ ಹಾಕಿದರೆ ಹೇಗೆ ಅಂದರು.

"ಅಯ್ಯ, ಝಂಡಾದ ಮ್ಯಾಲೆ ಚಾ ಇಡತಾರೇನ್ರಿ? ಚೆಲ್ಲಿದ್ರ?" ಅಂದಳು ಇವಳು. ಇಡೀ ರೂಮು ನಕ್ಕಿತು. ಕೆಂಪು, ಹಸಿರು, ಹಳದಿ ಎಂದು ತೀರ್ಮಾನವಾಯಿತು, ಬೆಟಗೇರಿ ಸೀರೆಯ ದಡಿಯ ಹಾಗೆ.

ಡಿಸೈನ್ ಬರೆಯುವುದು ನನ್ನ ಪಾಲಿಗೆ ಬಂತು. ಗ್ರಾಫ್ ಪೇಪರಿನ ಮೇಲೆ ಕ್ರೇಯಾನಿನಿಂದ ಸಾಲಾಗಿ ಕೆಂಪು ಹೂ ಬಿಡಿಸಿ, ನಡುವೆ ಹಳದಿ ಚುಕ್ಕೆ ಇಟ್ಟು, ಬಹಳ ಆರ್ಟಿಸ್ಟಿಕ್ ಆಗಿದೆ ಅಂದುಕೊಂಡು ತೋರಿಸಿದೆ. ಅವಳು ಒಂದು ಹೂವಿನ ಮೇಲೆ ಬೆರಳಿಟ್ಟಳು.

"ಈ ಹೂವಿನ ಕೆಂಪು ಆ ಹೂವಿಗೆ ಹ್ಯಾಂಗ ಹೋಗಬೇಕಲೇ? ಹಾರಿ ಹೋಗತೈತೇನು?"

ನನಗೆ ತಿಳಿಯಲಿಲ್ಲ. ಅವಳು ದಿಂಬಿನ ಮೇಲೆ ತೋರಿಸಿದಳು. ಚಿತ್ರದಲ್ಲಿ ಬಣ್ಣವನ್ನು ಎಲ್ಲಿ ಬೇಕಾದರೂ ಇಟ್ಟುಬಿಡಬಹುದು. ಲೇಸಿನಲ್ಲಿ ಬಣ್ಣವೆಂದರೆ ಒಂದು ಎಳೆ. ಅದು ಎಲ್ಲಿಂದಲೋ ಬರಬೇಕು, ಹೂವಾಗಿ ಮುಗಿದಮೇಲೆ ಎಲ್ಲಿಗೋ ಹೋಗಬೇಕು. ನಡುವೆ ಕತ್ತರಿಸುವ ಹಾಗಿಲ್ಲ. ಹಾಗಾಗಿ ಕೆಂಪು ಎಳೆಗಳು ಒಂದು ಹೂವಿನಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನೇ ಬಳ್ಳಿ ಮಾಡಿದೆವು, ಹಸಿರಿನೊಂದಿಗೆ ಸುತ್ತಿಕೊಂಡು ಹೋಗುವ ಬಳ್ಳಿ. ಹಳದಿ ಅಂಚಿನಲ್ಲೇ ಓಡುತ್ತಿದ್ದು, ಬೇಕಾದಲ್ಲಿ ಒಳಗೆ ಬಂದು ಒಂದು ಚುಕ್ಕೆಯಾಗಿ ಮತ್ತೆ ಅಂಚಿಗೆ ಹೋಗುತ್ತಿತ್ತು. ಏಳು ಸಲ ಬರೆದು ಹರಿದು ಎಂಟನೆಯದು ನಿಂತಿತು. ಹಳೆಯ ರಟ್ಟಿನ ಮೇಲೆ ಅವಳೇ ತೂತು ಚುಚ್ಚಿದಳು. ಆ ಎರಡು ವಾರ ನಾವು ಒಂದೇ ತಲೆಯಿಂದ ವಿಚಾರ ಮಾಡಿದೆವು ಅಂತ ಈಗಲೂ ಅನಿಸುತ್ತದೆ. ನನ್ನ ಜೀವನದಲ್ಲಿ ಅಂಥ ದಿನಗಳು ಮತ್ತೆ ಬರಲಿಲ್ಲ.

ನೂಲು ಅವಳ ಅಪ್ಪ ತಂದುಕೊಟ್ಟರು. ಕೊಡುವಾಗ ಗೇಟಿನ ಹತ್ತಿರ ನಿಂತು ನಮ್ಮಿಬ್ಬರಿಗೂ ಹೇಳಿದರು: "ಬಣ್ಣ ಗಟ್ಟಿ ಮಾಡೂ ನೀರಿಗೆ ಇನ್ನೂ ಹಾಕಿಲ್ಲವ್ವಾ. ಹಾಕಿದ್ರ ನೂಲು ಬಿರುಸಾಗತೈತಿ, ಕಂಡಿಕಿ ಮ್ಯಾಲೆ ಓಡೂದಿಲ್ಲ. ಮೊದಲ ಹೆಣೀರಿ. ಆಮ್ಯಾಲೆ ನನ್ನ ಕಡೆ ಕೊಡ್ರಿ, ಗಟ್ಟಿ ಮಾಡಿಕೊಡತೀನಿ. ಅಲ್ಲೀತನಕ ನೀರು ತೋರಸಬ್ಯಾಡ್ರಿ."

ಆ ಕ್ಲಾತಿನ ಮೇಲೆ ಬಹಳ ನಿಂತಿತ್ತು. ದಕ್ಷಿಣದ ಒಂದು ದೊಡ್ಡ ಕಾನ್ವೆಂಟಿಗೆ ಲೇಸ್ ಟೀಚರ್ ಟ್ರೇನಿಂಗಿಗೆ ನಮ್ಮಲ್ಲಿಂದ ಒಬ್ಬ ಹುಡುಗಿಯನ್ನು ಕಳಿಸುವುದಿತ್ತು. ಸಿಸ್ಟರಿಗೆ ಗೆಳತಿಯೇ ಹೋಗಲಿ ಎಂದಿತ್ತು. ಮದರ್ ಸುಪೀರಿಯರ್‌ಗೆ ಬಣ್ಣದ ಲೇಸೆಂದರೆ ಬಜಾರದ ವಸ್ತು. ಮಾಡಿ ತೋರಿಸಿ, ಆಮೇಲೆ ನೋಡೋಣ ಅಂದಿದ್ದರು. ಇತ್ತ ಮನೆಯಲ್ಲಿ ಇವಳಿಗೆ ಲಕ್ಷ್ಮೇಶ್ವರದ ಒಂದು ಸಂಬಂಧ ಬಂದು ಕೂತಿತ್ತು. "ಕಲ್ಯಾಕ ಕಳಸತಾರಂದ್ರ ಒಂದು ವರ್ಷ ಹೋಗಿ ಬಾ. ಇಲ್ಲಂದ್ರ ಅಕ್ಕಿಕಾಳು ಹಾಕಿ ಲಗ್ನ ಮಾಡೂದ" ಎಂದು ಅಪ್ಪ ಹೇಳಿದ್ದರಂತೆ. ಅದನ್ನು ನನಗೆ ಹೇಳುವಾಗ ಅವಳ ಕೈಯೊಳಗಿನ ಬಾಬಿನ್ ನಿಂತಿದ್ದವು. ಅವು ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಲೇಸ್ ಮುಗಿಯಿತು. ಅದನ್ನು ಬಟ್ಟೆಗೆ ಜೋಡಿಸುವ ಹೊಲಿಗೆ ನನ್ನದು. ಒಂದು ಶನಿವಾರ ಮನೆಗೆ ತಂದೆ. ಸೋಮವಾರ ಅದು ಬಣ್ಣ ಗಟ್ಟಿಯಾಗಲು ಬೆಟಗೇರಿಗೆ ಹೋಗಬೇಕಿತ್ತು.

ನಮ್ಮ ಮನೆಯ ರೀತಿ ಇಲ್ಲಿ ಹೇಳಬೇಕು. ಅಪ್ಪ ಕಚೇರಿಯಲ್ಲಿ ಹೆಡ್ ಕ್ಲಾರ್ಕ್. ಮನೆ ಅಜ್ಜಿಯದು. ಕಾನ್ವೆಂಟಿನಿಂದ ಬಂದರೆ ನಾನು ಹಿತ್ತಲ ಬಾಗಿಲಿನಿಂದ ಬಂದು ಯೂನಿಫಾರ್ಮ್ ಬಿಚ್ಚಿ ನೀರಿಗೆ ಹಾಕಿ ಒಳಗೆ ಕಾಲಿಡಬೇಕು. ಹತ್ತಿಯ ಬಟ್ಟೆ ಮೈಲಿಗೆ ಹಿಡಿಯುತ್ತದೆ, ರೇಷ್ಮೆ ಹಿಡಿಯುವುದಿಲ್ಲ. ಇದನ್ನು ನಾನು ಅ ಆ ಇ ಈ ಕಲಿಯುವ ಮೊದಲೇ ಕಲಿತಿದ್ದೆ. ಕ್ಲಾತನ್ನು ಪಡಸಾಲೆಯ ಗೂಡಿನಲ್ಲೇ ಇಟ್ಟಿದ್ದೆ, ಅಲ್ಲೇ ಕೂತು ಹೊಲಿಯುತ್ತಿದ್ದೆ. ರವಿವಾರ ಹೊಲಿಗೆ ಮುಗಿಯಿತು. ಅವ್ವ ಊಟಕ್ಕೆ ಕರೆದಳು. ತೋರಿಸುವ ಹುರುಪಿನಲ್ಲಿ ಅದನ್ನು ಕೈಯಲ್ಲೇ ಹಿಡಿದು ನಡುಮನೆಗೆ ಹೋದೆ.

ಅಜ್ಜಿ ನೋಡಿದಳು. "ಭಾಳ ಛಂದ ಆಗೇದಲ್ಲಽ" ಅಂದಳು. ಆಮೇಲೆ, "ಯಾರ ಮನೀ ನೂಲು ಇದು?"

"ಬೆಟಗೇರೀದು. ನನ್ನ ಗೆಳತಿ ಅಪ್ಪಾ ಬಣ್ಣಾ ಹಾಕ್ಯಾರ."

"ರೇಷ್ಮೀ?"

ಹೌದು ಅಂದುಬಿಡಬಹುದಿತ್ತು. "ಹತ್ತಿ" ಅಂದೆ.

ನಾನು ಅದನ್ನು ಅಲ್ಲೇ ಬಾಗಿಲ ಪಕ್ಕ ಇಟ್ಟು ಕೈಕಾಲು ತೊಳೆದು ಉಣ್ಣಲು ಕೂತೆ. ಉಂಡು ಎದ್ದಾಗ ಅದು ಅಲ್ಲಿರಲಿಲ್ಲ. ಹಿತ್ತಲಿಗೆ ಓಡಿದೆ. ತಾಮ್ರದ ಕೊಪ್ಪರಿಗೆಯಲ್ಲಿ ನೀರು ಗುಲಾಬಿಯಾಗಿತ್ತು. ಅಜ್ಜಿ ಸಿಟ್ಟಿನಿಂದ ಹಾಕಿದ್ದಲ್ಲ. ಮೈಲಿಗೆ ಕಳೆಯಲು ಹೇಗೂ ತೊಯ್ಯಬೇಕು, ಕೈಕೊಳೆಯೂ ಹಿಡಿದಿದೆ, ಹುಡುಗಿಗೆ ಹಗುರಾಗಲಿ ಎಂದು ಅಂಟವಾಳದ ನೊರೆಯಲ್ಲಿ ನೆನೆಹಾಕಿದ್ದಳು. ಬಣ್ಣ ನೋಡಿ ಅವಳ ಮುಖವೂ ಸಣ್ಣದಾಯಿತು.

"ಬಣ್ಣಾ ಬಿಡತದಂತ ಮೊದಲಽ ಹೇಳಬಾರದೇನಽ?"

ನೆರಳಿನಲ್ಲಿ ಒಣಹಾಕಿದೆವು. ನಾಲ್ಕೂ ಬದಿಯಿಂದ ಕೆಂಪು ಬಿಳಿ ಬಟ್ಟೆಯೊಳಗೆ ಹರಿದು ನಿಂತಿತ್ತು.

ಸೋಮವಾರ ಸಿಸ್ಟರ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಗೆಳತಿ ಪಕ್ಕದಲ್ಲೇ ನಿಂತಿದ್ದಳು. ಸಿಸ್ಟರ್ ನನ್ನನ್ನು ಕೇಳಿದರು, "ಡಿಡ್ ಇಟ್ ಗೆಟ್ ವೆಟ್?"

ಏನು ಹೇಳಬೇಕಿತ್ತು? ಇವಳ ಅಪ್ಪನ ಕೈಯಿಂದ ಬಂದ ನೂಲನ್ನು ನಮ್ಮ ಮನೆಯಲ್ಲಿ ನೀರಿಗೆ ಹಾಕದೆ ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು? ಸಿಸ್ಟರ್, ನಿಮ್ಮನ್ನು ಮುಟ್ಟಿ ಬಂದ ನನ್ನ ಫ್ರಾಕನ್ನೂ ದಿನಾ ನೀರಿಗೆ ಹಾಕುತ್ತೇವೆ ಎಂದು? ಇವಳ ಎದುರಿಗೆ? ನನ್ನ ಇಂಗ್ಲಿಷಿನಲ್ಲಿ ಅದಕ್ಕೆ ಮಾತಿರಲಿಲ್ಲ. ಕನ್ನಡದಲ್ಲಿ ಮಾತಿತ್ತು, ಬಾಯಿ ಬರಲಿಲ್ಲ.

"ನೋ, ಸಿಸ್ಟರ್."

ಮಳೆಗಾಲದ ಥಂಡಿ ತೇವಕ್ಕೇ ಬಣ್ಣ ಬಿಟ್ಟಿದೆ, ಬಣ್ಣವೇ ಕಚ್ಚಾ ಎಂದಾಯಿತು. ಮರುದಿನ ಅವಳ ಅಪ್ಪ ಬಂದರು. ಚಪ್ಪಲಿ ಗೇಟಿನ ಹೊರಗೆ ಬಿಟ್ಟು ವರಾಂಡದ ಮೆಟ್ಟಿಲ ಕೆಳಗೆ ನಿಂತು ಕ್ಲಾತನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನನ್ನ ಬಣ್ಣ ಬರೀ ಥಂಡಿಗೆ ಬಿಡೂದಿಲ್ರಿ ಅಮ್ಮಾರ. ಇದಕ್ಕ ನೀರು ತಾಕೇತಿ."

ಸಿಸ್ಟರ್ ನನ್ನನ್ನು ಮುಂದೆ ಮಾಡಿದರು. "ಈ ಹುಡುಗಿ ಇಲ್ಲ ಅಂತಾಳೆ."

ಅವರು ನನ್ನನ್ನು ನೋಡಿದರು. ನಾನು ಅವರ ಪಾದ ನೋಡಿದೆ.

"ಹಂಗಾರ ಆತು ಬಿಡ್ರಿ," ಅಂದರು ಅವರು. "ಹೆಡ್ ಕ್ಲಾರ್ಕ್ ಸಾಹೇಬ್ರ ಮನೀ ಕೂಸು, ಅದ್ಯಾಕ ಸುಳ್ಳ ಹೇಳತೈತಿ. ನನ್ನ ಕೈಯಾಗ ಏನೋ ತಪ್ಪಿರಬೇಕು."

ಕಲೆಕ್ಟರರ ಹೆಂಡತಿಗೆ ಬಿಳಿ ಲೇಸಿನ ಕ್ಲಾತ್ ಹಾಸಿದರು. ಟ್ರೇನಿಂಗಿಗೆ ಬೇರೊಬ್ಬಳು ಹೋದಳು. ದೀಪಾವಳಿ ಕಳೆದು ತುಳಸಿ ಲಗ್ನ ಮುಗಿದದ್ದೇ ಗೆಳತಿಯನ್ನು ಲಕ್ಷ್ಮೇಶ್ವರಕ್ಕೆ ಮದುವೆ ಮಾಡಿಕೊಟ್ಟರು. ನನಗೂ ಕರೆ ಬಂದಿತ್ತು. ಜ್ವರ ಅಂತ ಹೇಳಿಕಳಿಸಿದೆ. ಜ್ವರ ಇರಲಿಲ್ಲ.

ಮುಂದೆ ನಾನು ಮುಂಡರಗಿಯಲ್ಲಿ ಹೆಣ್ಣುಮಕ್ಕಳ ಶಾಲೆಗೆ ಟೀಚರ್ ಆದೆ. ಸಂಸ್ಥಾನಗಳು ಹೋದವು. ಮುಂಬಯಿ ಸರ್ಕಾರ ಹೋಗಿ ಕನ್ನಡದವರೆಲ್ಲ ಒಂದಾದೆವು. ಆ ವರ್ಷದ ಸಂಭ್ರಮ ನಮ್ಮ ಕಡೆ ಹೇಗಿತ್ತೆಂದು ಮೈಸೂರಿನ ಕಡೆಯವರಿಗೆ ಹೇಳಿದರೆ ತಿಳಿಯುವುದಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಪೇಢೆ ಹಂಚುತ್ತಿದ್ದಾಗ ಒಂದು ಹುಡುಗಿ ಕೇಳಿತು, "ಬಾಯಾರ, ಸಂಸ್ಥಾನದಾಗಿದ್ದ ಲಕ್ಷ್ಮೇಶ್ವರದವರೂ ಈಗ ನಮ್ಮವರ ಏನ್ರಿ?" ಮೊದಲಿನಿಂದಲೂ ನಮ್ಮವರೇ ಅಂದೆ. ಅಂದಮೇಲೆ ಆ ದಿನ ಪಾಠ ಮಾಡಲಾಗಲಿಲ್ಲ.

ಶಿರಹಟ್ಟಿಗೆ ಪರೀಕ್ಷೆಯ ಡ್ಯೂಟಿ ಬಂದಾಗ, ಮುಗಿದ ಮಧ್ಯಾಹ್ನವೇ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಕಾಳಿನ ಪೇಟೆಯ ಹಿಂದೆ ಅವಳ ಮನೆ. ಕಟ್ಟೆಯ ಮೇಲೆ ಕೂತು ಮಗಳ ತಲೆ ಬಾಚುತ್ತಿದ್ದಳು. ನನ್ನನ್ನು ಗುರುತಿಸಲು ಒಂದು ಗಳಿಗೆಯೂ ಬೇಕಾಗಲಿಲ್ಲ.

"ಬಾರಲೇ, ಮಡಿ ಹುಡಗಿ. ನಮ್ಮನಿ ಚಾ ಕುಡೀತಿಯೋ, ಅದನ್ನೂ ನೀರಿಗೆ ಹಾಕತಿಯೋ?"

ನಗುತ್ತಲೇ ಅಂದಳು. ನಾನು ಕುಡಿದೆ. ಕುಡಿದು, ಹೇಳಲು ಬಂದದ್ದನ್ನು ಹೇಳಿದೆ. ಅವಳು ಜಡೆ ಹೆಣೆಯುವುದನ್ನು ಬಿಡಲಿಲ್ಲ.

"ಗೊತ್ತೈತಿ. ತೊಯ್ದು ಒಣಗಿದ ಲೇಸು ಮುದುರತೈತಿ. ಸಿಸ್ಟರ್ ಬೆಳಕಿಗೆ ಹಿಡದಾಗ ಅಂಚು ನೋಡಿದ್ನಿ."

"ಮತ್ತ ಯಾಕ ಹೇಳಲಿಲ್ಲಾ?"

"ನೀ ಹೇಳತಿ ಅಂತ ಕಾದ್ನಿ." ರಿಬ್ಬನ್ ಕಟ್ಟಿ ಮಗಳನ್ನು ಆಡಲು ಕಳಿಸಿದಳು. "ಲಗ್ನದಾಗ ಬರತಿ, ಬಂದು ಅಪ್ಪಗ ಒಂದು ಮಾತು ಹೇಳತಿ ಅಂತ ಬಾಗಲಾ ನೋಡಿದ್ನಿ. ನಂದಿರಲಿ, ಮೂರು ಮಕ್ಕಳ ತಾಯಿ ಆದ್ನಿ. ಅಪ್ಪ ಮುಂದ ಕೆಂಪು ಬಣ್ಣಾ ಮಾಡ್ಲೇ ಇಲ್ಲ. ಯಾರು ಕೇಳಿದ್ರೂ ಕೆಂಪು ನನ್ನ ಕೈಗೆ ಕೂಡೂದಿಲ್ಲ ಅಂತಿದ್ದ. ಈಗ ಕಣ್ಣು ಹೋಗ್ಯಾವ. ನನಗ್ಯಾಕ ಹೇಳತಿ? ಅವಗ ಹೇಳು."

ಮರುದಿನ ಬೆಟಗೇರಿಗೆ ಹೋದೆ. ಮಗ್ಗದ ಓಣಿಯ ಕೊನೆಯ ಮನೆ. ಅವರು ಒಳಗಿನ ಕಂಬಕ್ಕೆ ಒರಗಿ ಕೂತಿದ್ದರು. ಯಾರು, ಈಗ ಎಲ್ಲಿ ಟೀಚರ್ ಎಂದು ಹೇಳಿದೆ. "ಬರ್ರಿ ಬಾಯಾರ, ಕುಂಡ್ರಿ" ಎಂದು ಸ್ವಲ್ಪ ಸರಿದು ಜಾಗ ಕೊಟ್ಟರು. ಎಲ್ಲವನ್ನೂ ಹೇಳಿದೆ, ಅಜ್ಜಿ, ಮೈಲಿಗೆ, ಕೊಪ್ಪರಿಗೆ, ನೋ ಸಿಸ್ಟರ್. ಅವರು ಮುಖವನ್ನು ನನ್ನ ದನಿಯ ಕಡೆ ತಿರುಗಿಸಿ ಕೇಳಿದರು. ಬೈಯುತ್ತಾರೆ ಎಂದು ಕಾದೆ. ಬೈದರೆ ಸಾಕು ಅನಿಸಿತ್ತು.

"ಎಷ್ಟೊತ್ತು ನೀರಾಗ ಇತ್ರಿ?"

"ನಾ ಉಂಡು ಏಳೂತನಕ. ಒಂದು ತಾಸು ಇರಬೇಕು."

"ಅಂಟವಾಳದಾಗ?"

"ಹೌದ್ರಿ."

"ಅಂಟವಾಳದಾಗ ಒಂದು ತಾಸು," ಅಂದರು. ಬೆರಳುಗಳನ್ನು ಒಂದಕ್ಕೊಂದು ಉಜ್ಜಿದರು, ನೂಲಿನ ಹದ ನೋಡುವವರ ಹಾಗೆ. "ಹೂವಿನಾಗ ಕೆಂಪು ಉಳದಿತ್ತು. ನಾ ನೋಡೇನಿ. ಗಟ್ಟಿ ಮಾಡಲಾರದ ಬಣ್ಣ, ಒಂದು ತಾಸು ನೀರಾಗಿದ್ದೂ ಉಳದಿತ್ತು."

ಕ್ಷಮಿಸಿದೆ ಅನ್ನಲಿಲ್ಲ ಅವರು. ನಾನೂ ಕೇಳಲಿಲ್ಲ.

"ಹೊತ್ತಾತು. ಮುಂಡರಗಿ ಬಸ್ಸು ತಪ್ಪತೈತಿ, ಏಳ್ರಿ," ಅಂದರು.

ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟುತ್ತಿದ್ದಾಗ ಅವರು ಒಳಗೆ ಸೊಸೆಯನ್ನು ಕರೆದು, ಕೆಂಪು ಬಣ್ಣದ ಗಡಿಗಿ ಎಲ್ಲೈತಿ ಎಂದು ಕೇಳುವುದು ಕೇಳಿಸಿತು. ತಿರುಗಿ ನೋಡಿದೆ. ಅವರು ಕಂಬ ಹಿಡಿದು ಎದ್ದು ನಿಂತಿದ್ದರು. ಯಾವ ಕಡೆಗೆ ನಡೆಯಬೇಕೆಂದು ತಿಳಿಯದೆ ಒಂದು ಕೈ ಮುಂದೆ ಚಾಚಿದ್ದರು. ಮುಖ ಬಾಗಿಲ ಕಡೆಗಿರಲಿಲ್ಲ. ಅವರನ್ನು ನಾನು ಕೊನೆಯ ಸಲ ನೋಡಿದ್ದು ಹಾಗೆ.