ಅಜ್ಜನ ಪಾಲಿನ ನೀರು

ನಾವು ಚಿಕ್ಕವರಿದ್ದಾಗ ಬೆಂಗಳೂರಿನ ವಿಜಯನಗರದಲ್ಲಿ ಒಬ್ಬರ ಮನೆಗೆ ಇನ್ನೊಬ್ಬರು ಹೋಗಲು ಯಾವ ಕಟ್ಟುಪಾಡೂ ಇರಲಿಲ್ಲ. ಬಾಗಿಲು ತೆರೆದಿದ್ದರೆ ಸರಿ, ನುಗ್ಗುವುದೇ. ಆದರೆ ಬೇಸಿಗೆಯಲ್ಲಿ ನಮ್ಮ ಬಿಲ್ಡಿಂಗಿನ ತಾರಸಿಗೆ ಬರುವವರಿಗೆ ಮಾತ್ರ ಒಂದು ಷರತ್ತಿತ್ತು. ಮನೆಗೊಂದು ಬಕೆಟ್ ನೀರು ತರಬೇಕು. ಇದನ್ನು ನನ್ನ ಮಗಳಿಗೆ ಹೇಳಿದರೆ, "ಪಾರ್ಟಿಗೆ ಯಾರಮ್ಮಾ ಬಕೆಟ್ ತರ್ತಾರೆ?" ಎಂದು ಬಿದ್ದು ಬಿದ್ದು ನಗುತ್ತಾಳೆ. ನಗಲಿ ಪಾಪ. ಏಪ್ರಿಲ್ ತಿಂಗಳ ಸಿಮೆಂಟಿನ ಮೇಲೆ ಬರಿಗಾಲಿಟ್ಟು ಅವಳಿಗೆ ಗೊತ್ತಿಲ್ಲ.

ಕೆಳಗೆ ಎರಡು, ಮೇಲೆ ಎರಡು, ಒಟ್ಟು ನಾಲ್ಕು ಮನೆ. ಎಲ್ಲರೂ ಬಾಡಿಗೆಯವರೇ. ಗೇಟು ತೆಗೆದರೆ ರಸ್ತೆ, ಅಂಗಳವೆನ್ನುವ ಮಾತೇ ಇಲ್ಲ. ಇದ್ದದ್ದು ತಾರಸಿಯೊಂದೇ. ಅದರಲ್ಲೂ ಅರ್ಧ ಜಾಗ ನೀರಿನ ಟ್ಯಾಂಕಿಗೂ ಬಟ್ಟೆಯ ತಂತಿಗೂ ಹೋಗಿ, ಮಿಕ್ಕಿದ್ದರಲ್ಲಿ ಮೂರು ಚಾಪೆ ಹಿಡಿಸುತ್ತಿತ್ತು. ಮಧ್ಯಾಹ್ನವೆಲ್ಲ ಮನೆಯೊಳಗೆ ಬೆಂದು ಬಸವಳಿದ ಮೇಲೆ, ಐದು ಗಂಟೆಗೆ ಅಮ್ಮ ಮೆಟ್ಟಿಲ ಹತ್ತಿರ ನಿಂತು ಕೂಗುತ್ತಿದ್ದಳು: "ಮೇಲೆ ಹೋಗೋಣ ಬನ್ರೇ! ನೀರು ಮರೀಬೇಡಿ!"

ನೀರೆಂದರೆ ಒಳ್ಳೆಯ ನೀರಲ್ಲ. ನಲ್ಲಿಯಲ್ಲಿ ನೀರು ಬರುತ್ತಿದ್ದದ್ದೇ ದಿನ ಬಿಟ್ಟು ದಿನ. ಅಕ್ಕಿ ತೊಳೆದದ್ದು, ಸೊಪ್ಪು ತೊಳೆದದ್ದು, ಬಟ್ಟೆ ಜಾಲಾಡಿದ ಕೊನೆಯ ನೀರು, ಇವನ್ನು ದಿನವಿಡೀ ಒಂದು ಬಕೆಟ್ಟಿಗೆ ಕೂಡಿಡಬೇಕಿತ್ತು. ಮೊದಲ ಬಕೆಟ್ ಸುರಿದರೆ ಚೊಯ್ ಎಂದು ಆವಿಯೇಳುತ್ತಿತ್ತು. ಎರಡನೆಯದು ಎಲ್ಲಿ ಹೋಯಿತೆಂದೇ ತಿಳಿಯುತ್ತಿರಲಿಲ್ಲ. ಮೂರನೆಯದಕ್ಕೆ ಸಿಮೆಂಟು ಕಪ್ಪಾಗಿ, ನಾಲ್ಕನೆಯದಕ್ಕೆ ಕಾಲಿಡುವಂತಾಗುತ್ತಿತ್ತು. ನಾಲ್ಕರಲ್ಲಿ ಒಂದು ಕಡಿಮೆಯಾದರೂ ಕೂತವರ ಕುಂಡೆ ಸುಡುತ್ತಿತ್ತು! ಆಮೇಲೆ ಚಾಪೆ ಬೀಳುತ್ತಿತ್ತು, ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಬರುತ್ತಿತ್ತು, ಶುಂಠಿ ಜಜ್ಜಿ ಹಾಕಿದ ನೀರುಮಜ್ಜಿಗೆ ಬರುತ್ತಿತ್ತು. ನಾವು ಮಕ್ಕಳು ಒದ್ದೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆಯ ಮನೆ ಬರೆದು ಜಗಳಕ್ಕೆ ನಿಲ್ಲುತ್ತಿದ್ದೆವು. ಅಕ್ಕಿ ತೊಳೆದ ನೀರು, ಸೋಪು, ಬಿಸಿ ಸಿಮೆಂಟು ಮೂರೂ ಬೆರೆತ ಆ ವಾಸನೆಯೇ ನನಗೆ ಇವತ್ತಿಗೂ ಬೇಸಿಗೆ ರಜೆ.

ಆ ಕೂಟದ ಜೀವವೆಂದರೆ ಕೆಳಗಿನ ಒಂಟಿ ರೂಮಿನ ಅಜ್ಜ. ರಾಣೆಬೆನ್ನೂರಿನ ಕಡೆಯವರು, ಹಣೆಯ ತುಂಬ ವಿಭೂತಿ. ಮಗಳು ಶಾಂತಕ್ಕ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ಇದ್ದವರು ಅವರಿಬ್ಬರೇ. ಅಜ್ಜ ಒಂದು ಬೋಗುಣಿಯಲ್ಲಿ ಈರುಳ್ಳಿ, ಹಸಿಮೆಣಸಿನಕಾಯಿ, ಹುರಿಗಡಲೆ ಹಿಟ್ಟು, ಕೈತುಂಬ ಎಣ್ಣೆ ಹಾಕಿ ಕಲೆಸುತ್ತ ಕೂತರೆ ಪಕ್ಕದ ಮನೆಯ ವಿಮಲಾ ಆಂಟಿ ಕೆಣಕುತ್ತಿದ್ದರು.

"ಏನಜ್ಜ, ಕಡ್ಲೆಪುರಿಗೆ ಇಷ್ಟೊಂದು ಎಣ್ಣೆನಾ?"

"ಮಂಡಕ್ಕಿ ಅನ್ರಿ ಯವ್ವಾ, ಮಂಡಕ್ಕಿ! ನಿಮ್ಮ ಬೆಂಗಳೂರಾಗ ಬರೇ ಒಣಾ ತಿಂದು ತಿಂದು ಮಾತೂ ಒಣಾ ಆಗ್ಯಾವ."

ಅಜ್ಜನ ಮೊಣಕಾಲು ಕೆಟ್ಟಿತ್ತು. ಅವರ ಹಸಿರು ಬಕೆಟ್ಟನ್ನು ಮೇಲೆ ಹೊರುವ ಕೆಲಸ ನನ್ನದು. ಅಮ್ಮ ಎಷ್ಟೋ ಸಲ ಹೇಳಿದ್ದಳು, "ನೀವು ಹಂಗೇ ಬನ್ನಿ ಅಜ್ಜ, ನಿಮ್ಮ ನೀರು ಯಾರು ಕೇಳ್ತಾರೆ?" ಅಜ್ಜ ಸುತರಾಂ ಒಪ್ಪುತ್ತಿರಲಿಲ್ಲ. "ಬರಿಗೈಲೆ ಬಂದು ಮಂದಿ ತಂಪಿನಾಗ ಕುಂದ್ರೂದೇನು? ನನ್ನ ಪಾಲಿನ ನೀರು ಹೋದ್ರನ ನಾ ಬರಾಂವ." ಬಕೆಟ್ ಮೊದಲು, ಹಿಂದಿನಿಂದ ಗೋಡೆ ಹಿಡಿದುಕೊಂಡು ಅಜ್ಜ.

ನನಗೆ ಹತ್ತು ವರ್ಷವಾಗಿದ್ದ ಆ ಬೇಸಿಗೆಯಲ್ಲಿ ಒಮ್ಮೆ ನಾಲ್ಕು ದಿನ ನಲ್ಲಿಯಲ್ಲಿ ಹನಿ ನೀರಿಲ್ಲ. ನೀರು ಬಿಡುವವನು "ನಾಳೆ ಬೆಳಿಗ್ಗೆ ಗ್ಯಾರಂಟಿ" ಎಂದು ಹೇಳಿ ಹೋಗಿದ್ದ. ಶಾಂತಕ್ಕ ಯಾರದೋ ಮದುವೆಗೆಂದು ಊರಿಗೆ ಹೋಗಿದ್ದಳು, ಮರುದಿನ ಬೆಳಿಗ್ಗೆ ಬರುವವಳಿದ್ದಳು. ಅಜ್ಜನ ಊಟ ನಮ್ಮ ಮನೆಯಿಂದ. ಸಂಜೆ ಬಕೆಟ್ ತರಲು ಹೋದರೆ ಅಜ್ಜ ನಿದ್ದೆಹೋಗಿದ್ದರು, ಹಸಿರು ಬಕೆಟ್ ಖಾಲಿ. ಅಡುಗೆಯಿಲ್ಲ, ಸ್ನಾನವಿಲ್ಲ, ಬಟ್ಟೆ ಒಗೆದಿಲ್ಲ, ನೀರೆಲ್ಲಿಂದ ಬರಬೇಕು?

ಮೂಲೆಯಲ್ಲಿ ತಟ್ಟೆ ಮುಚ್ಚಿದ ಚಿಕ್ಕ ತಾಮ್ರದ ಕೊಡವಿತ್ತು. ಕುಡಿಯುವ ನೀರು. ಅದು ನನಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೇ ಎತ್ತಿದೆ. ನೀರಿಲ್ಲದಿದ್ದರೆ ಅಜ್ಜ ಬರುವುದಿಲ್ಲ, ಅಜ್ಜ ಬರದಿದ್ದರೆ ಮಂಡಕ್ಕಿಯಿಲ್ಲ, ನಗುವಿಲ್ಲ. ನಾಳೆ ಹೇಗೂ ನೀರು ಬರುತ್ತದಲ್ಲ! ಏದುಸಿರು ಬಿಡುತ್ತ ಹೊತ್ತು ಹೋಗಿ ಒಂದೇ ಸಲಕ್ಕೆ ಸುರಿದೆ. ಯಾರೂ ನೋಡುವ ಮೊದಲೇ ಖಾಲಿ ಕೊಡವನ್ನು ತಂದು ತಟ್ಟೆ ಮುಚ್ಚಿಟ್ಟು, ಅಜ್ಜನನ್ನು ಎಬ್ಬಿಸಿದೆ. "ಅಜ್ಜ, ನಿಮ್ಮ ನೀರು ಹೋಯ್ತು, ಬನ್ನಿ!"

ಅಜ್ಜ ಹಸಿರು ಬಕೆಟ್ ನೋಡಿದರು. ಆಮೇಲೆ ಕೊಡದ ಕಡೆ ನೋಡಿದರು. ಕೊಡದ ಹೊಟ್ಟೆಯ ಮೇಲೆ ನೀರಿನ ಹನಿ ಇನ್ನೂ ಇಳಿಯುತ್ತಿತ್ತು. ಎದ್ದು, ಗೋಡೆ ಹಿಡಿದು ಹತ್ತಿ ಬಂದು, ಚಾಪೆಯ ಅಂಚಿನಲ್ಲಿ ನೆಲ ಮುಟ್ಟಿ ನೋಡಿ, ನನ್ನ ಕಿವಿಗೆ ಮಾತ್ರ ಕೇಳುವಂತೆ, "ಇವತ್ತು ಭಾಳ ತಂಪಾಗೇತಿ ತಂಗಿ" ಎಂದರು. ಮಂಡಕ್ಕಿ ಕಲೆಸಿದರು, ವಿಮಲಾ ಆಂಟಿಯನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದರು. ಮಜ್ಜಿಗೆ ಬಂದಾಗ ಅವರು ಎರಡು ಲೋಟ ಕುಡಿದದ್ದನ್ನು ನಾನು ಗಮನಿಸಿದೆ.

ಏಳು ಗಂಟೆಗೆ ಅನ್ನ ಸಾರು ತೆಗೆದುಕೊಂಡು ಹೋದಾಗ ನನಗೆ ತಡೆಯಲಾಗಲಿಲ್ಲ. "ಅಜ್ಜ, ಕುಡಿಯೋಕೆ ನೀರು ತಂದ್ಕೊಡ್ತೀನಿ" ಎಂದೆ.

"ಅವಸರಿಲ್ಲ. ನಿಮ್ಮವ್ವಗ ಹೇಳಬ್ಯಾಡ, ಬೈತಾಳ. ಆಮ್ಯಾಲೆ ತಾ."

ಮೇಲೆ ಬಂದೆ. ನಮ್ಮ ಮನೆಯಲ್ಲೂ ನೀರು ಅಳತೆಯದೇ. ಒಂದು ಚೊಂಬು ತೆಗೆದರೂ ಯಾಕೆ, ಯಾರಿಗೆ ಎಂದು ಅಮ್ಮ ಕೇಳುತ್ತಿದ್ದಳು. ಅವಳು ಅಡುಗೆಮನೆಯಿಂದ ಆಚೆ ಬರಲಿ ಎಂದು ಕಾದೆ. ಕಾಯುತ್ತ ಚಾಪೆಯ ಮೇಲೆ ಉರುಳಿದವಳು ನಿದ್ದೆಹೋದೆ.

ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಶಾಂತಕ್ಕನ ಚೀರಾಟ. ಊರಿನ ಬ್ಯಾಗು ಇನ್ನೂ ಹೆಗಲಲ್ಲೇ ಇತ್ತು. ಅಜ್ಜ ಮಲಗಿದಲ್ಲೇ ಹೋಗಿದ್ದರು. ನಮ್ಮ ರಸ್ತೆಯ ಡಾಕ್ಟರು ಬಂದು ನೋಡಿ, "ಹಾರ್ಟು ನಿಂತುಹೋಗಿದೆ, ನಿದ್ದೆಯಲ್ಲೇ ಹೋಗಿದ್ದಾರೆ" ಎಂದರು. ಗ್ಯಾರಂಟಿಯ ನೀರು ಅವತ್ತೂ ಬರಲಿಲ್ಲ.

ಅವರ ಕಡೆಯ ಹಿರಿಯರೊಬ್ಬರು ಬಂದು, ತಮ್ಮ ಪದ್ಧತಿಯಂತೆ ಅಜ್ಜನನ್ನು ಕೂರಿಸಿ ಸ್ನಾನ ಮಾಡಿಸಬೇಕು, ನೀರು ಕೊಡಿ ಎಂದರು. ಶಾಂತಕ್ಕ ಕೊಡದ ಮೇಲಿನ ತಟ್ಟೆ ತೆಗೆದಳು. "ಅಯ್ಯ, ತುಂಬಿಸಿಟ್ಟು ಹೋಗಿದ್ನೆಲ್ಲ!"

ಅಮ್ಮ ತಿರುಗಿ ಮೆಟ್ಟಿಲು ಹತ್ತಿದಳು. ವಿಮಲಾ ಆಂಟಿಯೂ ಹತ್ತಿದರು. ದಿನವೂ ಕೊಳೆನೀರಿನ ಬಕೆಟ್ಟುಗಳು ಹತ್ತುತ್ತಿದ್ದ ಮೆಟ್ಟಿಲಲ್ಲಿ ಅವತ್ತು ಕುಡಿಯುವ ನೀರಿನ ಕೊಡಗಳು ಇಳಿದವು. ಮನೆಗೊಂದು. ತಮಗೆ ಸಂಜೆಗೆ ಏನು ಎಂದು ಒಬ್ಬರೂ ಅನ್ನಲಿಲ್ಲ.

ನಾನು ಅಮ್ಮನ ಸೆರಗು ಹಿಡಿದು ಎಲ್ಲ ಹೇಳಿಬಿಟ್ಟೆ. ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. ಕೊಡದಿಂದ ಒಂದು ಚೊಂಬು ಬಗ್ಗಿಸಿ ನನ್ನ ಕೈಗಿಟ್ಟಳು. "ಇದನ್ನ ತಗೊಂಡು ಹೋಗಿ ಶಾಂತಕ್ಕಂಗೆ ಕೊಡು. ನೀನೇ ಹೇಳು. ನಾನು ಬರಲ್ಲ."

ಶಾಂತಕ್ಕ ಬಾಗಿಲಲ್ಲಿ ಕುಸಿದು ಕೂತಿದ್ದಳು. ನಾನು ಅಳುತ್ತ ಹೇಳಿದ್ದು ಅರ್ಧ ಅರ್ಥವಾಯಿತೋ ಇಲ್ಲವೋ. "ನಾನೇ ಅಕ್ಕ, ಕೊಡದ ನೀರು ನಾನೇ ಚೆಲ್ಲಿದ್ದು. ಆಮೇಲೆ ತರ್ತೀನಿ ಅಂದು ತರ್ಲಿಲ್ಲ. ಅಜ್ಜಂಗೆ ಬಾಯಾರಿಕೆ ಆಗಿತ್ತೇನೋ."

ಅವಳು ಚೊಂಬು ಇಸಿದುಕೊಂಡು ಪಕ್ಕಕ್ಕಿಟ್ಟು, ತನ್ನ ಸೆರಗಿನಲ್ಲಿ ನನ್ನ ಮುಖ ಒರೆಸಿದಳು. "ಹುಚ್ಚಿ, ಅಳಬ್ಯಾಡ. ಊರಿಗೆ ಹೋಗೂ ಮುಂದ ಮಂಚದ ಕೆಳಗ ಒಂದು ತಂಬಿಗಿ ನೀರು ಇಟ್ಟ ಹೋಗಿದ್ದೆ. ಅದನ್ನ ಕುಡದ ಮಲಗ್ಯಾನ ನಮ್ಮಪ್ಪ. ತಣ್ಣಗ ಹೋಗ್ಯಾನ."

ನನಗೆ ಹೋದ ಜೀವ ಬಂದಂತಾಯಿತು. ಅಜ್ಜನಿಗೆ ಸ್ನಾನ ಮಾಡಿಸುವಾಗ ನನ್ನ ಚೊಂಬಿನ ನೀರನ್ನೂ ಹಾಕಿದರು. ಅವರನ್ನು ಕರೆದುಕೊಂಡು ಹೋದ ಮೇಲೆ, ಖಾಲಿ ರೂಮಿನಲ್ಲಿ ನಾನೊಬ್ಬಳೇ ನಿಂತಿದ್ದಾಗ, ಬಗ್ಗಿ ನೋಡಿದೆ. ಮಂಚದ ಕೆಳಗೆ ಅಜ್ಜನ ಚಪ್ಪಲಿಯಿತ್ತು. ಅದು ಬಿಟ್ಟರೆ ದೂಳು. ತಂಬಿಗೆ ಗೋಡೆಯ ಗೂಡಿನಲ್ಲಿ, ಜೇಡರ ಬಲೆ ಕಟ್ಟಿಕೊಂಡು ಬೋರಲು ಬಿದ್ದಿತ್ತು. ಹಡೆದ ಅಪ್ಪ ಕಣ್ಣೆದುರು ಹೆಣವಾಗಿ ಕೂತಿರುವಾಗ, ಪರರ ಮನೆಯ ಹುಡುಗಿಗಾಗಿ ಅವಳು ಆ ಸುಳ್ಳನ್ನು ಹುಡುಕಿ ತಂದಿದ್ದಳು.

ಆ ವರ್ಷ ಮತ್ತೆ ಯಾರೂ ತಾರಸಿಯಲ್ಲಿ ಸೇರಲಿಲ್ಲ. ಶಾಂತಕ್ಕ ರೂಮು ಖಾಲಿ ಮಾಡಿ ಊರಿಗೆ ಹೋದಳು. ಮುಂದಿನ ಬೇಸಿಗೆಯ ಹೊತ್ತಿಗೆ ಓನರು ತಾರಸಿಯ ಮೇಲೆ ಎರಡು ರೂಮು ಕಟ್ಟಿಸಿದ್ದರು. ಅಮ್ಮನ ಕೂಗೂ ನಿಂತಿತು.

ಈಗ ನಾನಿರುವುದು ಕೆಂಗೇರಿಯ ಅಪಾರ್ಟ್‌ಮೆಂಟಿನ ಒಂಬತ್ತನೇ ಮಹಡಿಯಲ್ಲಿ. ನಮ್ಮ ಬಾಲ್ಕನಿಯಲ್ಲೂ ಬೇಸಿಗೆಯ ಸಂಜೆ ನಾಲ್ಕು ಜನ ಸೇರುತ್ತಾರೆ. ಬರುವ ಮೊದಲು "ಏನಾದ್ರೂ ತರ್ಲಾ?" ಎಂದು ಮೆಸೇಜು ಬರುತ್ತದೆ, "ಏನೂ ಬೇಡ, ನೀವು ಬಂದ್ರೆ ಸಾಕು" ಎಂದು ನಾನೂ ಬರೆಯುತ್ತೇನೆ. ಎಲ್ಲರೂ ಬರಿಗೈಯಲ್ಲಿ ಬಂದು, ನಕ್ಕು, ತಿಂದು, ಬರಿಗೈಯಲ್ಲೇ ಹೋಗುತ್ತಾರೆ. ಒಳ್ಳೆಯ ಜನ, ದೂರುವಂತಿಲ್ಲ. ಆದರೆ ನಾಳೆ ನನ್ನ ಮನೆಯಲ್ಲಿ ಕೊಡ ಬರಿದಾದರೆ ಯಾರ ಮೆಟ್ಟಿಲು ಇಳಿದು ನೀರು ಬರುತ್ತದೆ? ನನಗೆ ಗೊತ್ತಿಲ್ಲ. ನಾನಾದರೂ ಇನ್ನೊಬ್ಬರಿಗೆ ಒಯ್ಯುತ್ತೇನೆಯೇ, ಅದೂ ಗೊತ್ತಿಲ್ಲ.

ದಿನವೂ ಮಲಗುವ ಮುಂಚೆ ಒಂದು ತಂಬಿಗೆ ನೀರು ತುಂಬಿ ಮಂಚದ ಕೆಳಗಿಡುತ್ತೇನೆ. "ಬಾಟ್ಲಿ ಇದ್ಯಲ್ಲ, ಅದ್ಯಾಕೆ?" ಎಂದು ಮನೆಯವರು ಕೇಳಿ ಕೇಳಿ ಸುಮ್ಮನಾಗಿದ್ದಾರೆ. ನಾನು ಅದನ್ನು ಕುಡಿಯುವುದಿಲ್ಲ. ಬೆಳಿಗ್ಗೆ ಗಿಡಕ್ಕೆ ಹಾಕಿ, ತಂಬಿಗೆ ತೊಳೆದು, ಮತ್ತೆ ತುಂಬಿಡುತ್ತೇನೆ. ಶಾಂತಕ್ಕ ಇಟ್ಟಿದ್ದೆ ಎಂದು ಹೇಳಿದ ನೀರು ಅದು.