ಎಡಕ್ಕೆ ಬಿದ್ದ ಹೂ

ಭೂಮಿ ಸುತ್ತಲು ಆಯ್ಕೆಯಾದ ವಿಂಗ್ ಕಮಾಂಡರ್ ಯೋಗರಾಜನಿಗೆ ಶಿವಮೊಗ್ಗ ಸುತ್ತುವಷ್ಟರಲ್ಲೇ ತಲೆ ಸುತ್ತಿತು. ಕೋಟೆಯಿಂದ ಹೊರಟ ತೆರೆದ ಜೀಪಿನ ಮೆರವಣಿಗೆ ವಿದ್ಯಾನಗರ ಮುಟ್ಟುವ ಮೊದಲೇ, ಪೇಟೆಯವರು ತೊಡಿಸಿದ್ದ ಪೇಟವನ್ನು ಕಿತ್ತು ಅದರೊಳಗೇ ವಾಂತಿ ಮಾಡಿಕೊಂಡ. ಬ್ಯಾಂಡಿನವರು ಏನೂ ಆಗಿಲ್ಲವೆಂಬಂತೆ ಊದುತ್ತಲೇ ಇದ್ದರು.

ಜನ ನಕ್ಕರು. ಪಕ್ಕದಲ್ಲಿ ಕೂತಿದ್ದ ತಾಯಿ ಕರಿಬಸಮ್ಮ ನಗಲಿಲ್ಲ.

"ಯುದ್ಧವಿಮಾನ ಓಡಿಸೋನಿಗೆ ಇದೇನೋ?"

"ಅದನ್ನ ನಾನೇ ಓಡಿಸ್ತೀನಲ್ಲಮ್ಮ. ಬೇರೆಯವರು ಓಡಿಸಿದ್ರೆ ಹೊಟ್ಟೆ ತೊಳಸುತ್ತೆ."

"ರಾಕೆಟ್ ಯಾರು ಓಡಿಸೋದು?"

"ಅದು ತನ್ನಷ್ಟಕ್ಕೆ ತಾನೇ ಹೋಗುತ್ತೆ."

ಆಕೆ ಸೆರಗಿನಿಂದ ಅವನ ಬಾಯಿ ಒರೆಸಿದಳು.

ಹೆದರಿಕೆ ಆಕೆಗೆ ಹೊಸದಲ್ಲ. ಗಂಡ ಭೂತಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿಯುತ್ತಿದ್ದಾಗ, ಸೈರನ್ ಹೊತ್ತಲ್ಲದ ಹೊತ್ತಿನಲ್ಲಿ ಕೂಗಿದರೆ ಒಲೆ ಆರಿಸಿ ಬಾಗಿಲಿಗೆ ಬರುತ್ತಿದ್ದಳು. ಮಗ ಸೈನಿಕ ಶಾಲೆ ಮುಗಿಸಿ ವಾಯುಪಡೆ ಸೇರಿದ ಮೇಲೆ ಸೈರನ್ನಿನ ಜಾಗಕ್ಕೆ ಫೋನ್ ಬಂತು. ಒಮ್ಮೆ ಎಂಜಿನ್ ಹೊತ್ತಿಕೊಂಡು, ಬೆನ್ನುಮೂಳೆ ಅಮುಕುವಷ್ಟು ರಭಸದಲ್ಲಿ ಸೀಟಿನ ಸಮೇತ ಹೊರಚಿಮ್ಮಿ ಪ್ಯಾರಾಚೂಟಿನಲ್ಲಿ ಮರಳುಗಾಡಿಗೆ ಇಳಿದವನು "ಬೆನ್ನು ಸ್ವಲ್ಪ ಉಳುಕಿದೆ" ಅಂದಿದ್ದ. ರಜೆಗೆ ಬಂದಾಗ ಅವನು ಒಂಚೂರು ಗಿಡ್ಡನಾಗಿದ್ದುದನ್ನು ಆಕೆಯೊಬ್ಬಳೇ ಗಮನಿಸಿದ್ದಳು.

ದೊಡ್ಡ ಕೆಲಸಕ್ಕೆ ಮೊದಲು ಚೌಡಮ್ಮನ ಅಪ್ಪಣೆ ಕೇಳುವುದು ಅವರ ಮನೆತನದ ಪದ್ಧತಿ. ದೇವಿಯ ಮೈಗೆ ಹೂ ಅಂಟಿಸಿ ಕಾಯಬೇಕು. ಬಲಕ್ಕೆ ಬಿದ್ದರೆ ಹೋಗು, ಎಡಕ್ಕೆ ಬಿದ್ದರೆ ಬೇಡ. ಮೆರವಣಿಗೆ ಮುಗಿಸಿ ಮಗ ಕೆಲಸಕ್ಕೆ ಮರಳಿದ ಮೇಲೆ ಕರಿಬಸಮ್ಮ ಕೇಳಿದಳು. ಹೂ ಎಡಕ್ಕೆ ಬಿತ್ತು.

"ಫ್ಯಾನಿನ ಗಾಳಿ ಮಾರಾಯ್ತಿ, ಇನ್ನೊಂದ್ಸಲ ಕೇಳಣ," ಅಂದ ಪೂಜಾರಿ ಓಂಕಾರಪ್ಪ.

"ಕರೆಂಟೇ ಇಲ್ವಲ್ಲ," ಅಂದಳು ಆಕೆ.

ಸಂಜೆ ಮಗನ ಫೋನ್. "ಅಪ್ಪಣೆ ಏನಾಯ್ತಮ್ಮ? ಬೇಡ ಅಂದ್ರೆ ಹೇಳು, ಹೆಸರು ವಾಪಸ್ ತಗೋತೀನಿ."

ಚಿಕ್ಕವನಿದ್ದಾಗ ಗಾಜನೂರಿನ ಡ್ಯಾಮ್ ತೋರಿಸು ಎಂದು ಸೆರಗು ಎಳೆಯುತ್ತಿದ್ದ ಅದೇ ಆಸೆ ಆ ದನಿಯಲ್ಲಿತ್ತು.

"ಬಲಕ್ಕೇ ಆಯ್ತು," ಅಂದುಬಿಟ್ಟಳು.

ಇನ್ನು ಅವನಿಗೇನಾದರೂ ಆದರೆ ಕೊಂದದ್ದು ರಾಕೆಟ್ ಅಲ್ಲ, ತನ್ನ ಆ ಎರಡು ಮಾತು. ಭೂತಪ್ಪನಿಗೂ ಹೇಳಲಿಲ್ಲ. ಮಗ ಮೇಲಿದ್ದಷ್ಟು ದಿನ ಆಕೆಗೆ ಅನ್ನ ಕೆಳಗಿಳಿಯಲಿಲ್ಲ. ಅವನು ಇಳಿಯುವ ದಿನ ಟೀವಿಯವಳು, "ನೌಕೆಯ ಸುತ್ತ ಬೆಂಕಿ, ಕೆಲವು ನಿಮಿಷ ಸಂಪರ್ಕ ಇರುವುದಿಲ್ಲ" ಎಂದು ನಗುನಗುತ್ತಾ ಹೇಳಿದಳು. ದೇವರ ಕೋಣೆಗೆ ಹೋಗುವ ಮುಖವಿರಲಿಲ್ಲ. ಕರಿಬಸಮ್ಮ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡಳು. ಬೀದಿಯಲ್ಲಿ ಪಟಾಕಿ ಸಿಡಿದಾಗಲೂ ತೆಗೆಯಲಿಲ್ಲ. ಕೊನೆಗೆ ಭೂತಪ್ಪ ಬಾಗಿಲು ಬಡಿದ. "ಸಮುದ್ರಕ್ಕೆ ಬಿದ್ದ ಕಣೇ. ಚೆನ್ನಾಗಿದಾನಂತೆ, ಈಚೆಗೆ ಬಾ."

ಯೋಗರಾಜ ಮನೆಗೆ ಬಂದಾಗ ಪಡಸಾಲೆಯ ತುಂಬ ಜನ. ಆಕೆ ಅವನನ್ನು ಅಡುಗೆಮನೆಗೆ ಎಳೆದೊಯ್ದಳು.

"ಮುಚ್ಚಿಡಬೇಡ. ಮೇಲೆ ನಿಂಗೆ ಕೆಟ್ಟದ್ದೇನಾದ್ರೂ ಆಯ್ತಾ?"

ಅವನು ಪಡಸಾಲೆಯ ಕಡೆ ನೋಡಿ ದನಿ ತಗ್ಗಿಸಿದ. "ಆಯ್ತಮ್ಮ. ಟೀವಿಯವರಿಗೆ ಹೇಳಿಲ್ಲ."

ಕರಿಬಸಮ್ಮ ಒಲೆಕಟ್ಟೆಯನ್ನು ಹಿಡಿದುಕೊಂಡಳು.

"ಮೂಗು ಕಟ್ಟಿತ್ತು. ಇಳಿಯೋವರ್ಗೂ ಬಿಡ್ಲೇ ಇಲ್ಲ."