ಇನ್ನೂ ದೊಡ್ಡವಳಾಗದ ಮಗಳು

ಐವತ್ತಮೂರು ವರ್ಷದ ಹೆಂಗಸನ್ನು ಮನೆಮಂದಿ ‘ಪುಟ್ಟಿ’ ಎಂದು ಕರೆದರೆ ತಪ್ಪೇನಿಲ್ಲ, ಅದು ಬರೀ ಪ್ರೀತಿಯಾಗಿದ್ದರೆ. ಬರೀ ಪ್ರೀತಿಯಲ್ಲ ಎಂದು ನನಗೆ ಗೊತ್ತಾದದ್ದು ಆಸ್ಪತ್ರೆಯ ಕಾರಿಡಾರಿನಲ್ಲಿ. ಇವತ್ತಿಗೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಆ ‘ಪುಟ್ಟಿ’ಯೂ ನಾನೂ ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಅಕ್ಕಪಕ್ಕದ ಮೇಜಿನವರು; ನಾನು ಅವರನ್ನು ಅಕ್ಕ ಎನ್ನುತ್ತೇನೆ. ದಂತವೈದ್ಯರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಸುರಿದು, ಒಸಡಿನ ಆಕಾರಕ್ಕೆ ಮೇಣ ಕೂರಿಸಿ, ಒಂದೊಂದೇ ಹಲ್ಲು ಜೋಡಿಸುವ ಕೆಲಸ. ಎಪ್ಪತ್ತು ದಾಟಿದವರು ಹಾಲಿನಂಥ ಬಿಳಿ ಹಲ್ಲು ಕೇಳಿದರೆ ಅಕ್ಕ ಒಪ್ಪುತ್ತಿರಲಿಲ್ಲ. “ಮುಖ ಇವರ್ದು, ಹಲ್ಲು ಇನ್ಯಾರ್ದೋ ಅನ್ಸುತ್ತೆ” ಎಂದು ಬಣ್ಣ ತುಸು ಹಳದಿಗೆ ತಿರುಗಿಸಿ, ಅಂಚನ್ನು ಒಂದಿಷ್ಟು ಸವೆಸುತ್ತಿದ್ದರು. ಲ್ಯಾಬಿನ ಆರು ಜನರೂ ಅವರು ಹಾಕಿದ ಗೆರೆ ದಾಟುತ್ತಿರಲಿಲ್ಲ.

ಮನೆಗೆ ಹೋದರೆ ಅದೇ ಅಕ್ಕನ ಮಾತು ಲೆಕ್ಕಕ್ಕೇ ಇಲ್ಲ. ಮದುವೆಯಾಗಲಿಲ್ಲ, ಅಷ್ಟೇ ಅವರ ಅಪರಾಧ. ಎರಡು ಕೋಣೆಯ ಮನೆ. ಒಂದು ಅಮ್ಮನದು. ಇನ್ನೊಂದು, ಬೇರೆ ಮನೆ ಮಾಡಿರುವ ಅಕ್ಕನ ತಮ್ಮ, ಹೆಂಡತಿ ಮಗನೊಂದಿಗೆ ಬಂದರೆ ಇರಲಿ ಎಂದು ಹಾಸಿಗೆ ಹಾಸಿ ಬಾಗಿಲು ಹಾಕಿಟ್ಟದ್ದು. ತಮ್ಮ ಬರುವುದು ವರ್ಷಕ್ಕೆ ನಾಲ್ಕು ದಿನ. ಅಪ್ಪನ ಕಾಯಿಲೆಯನ್ನು ಕೊನೆಯವರೆಗೂ ನೋಡಿಕೊಂಡು, ಮನೆ ಖರ್ಚೆಲ್ಲ ತೂಗಿಸುತ್ತಿದ್ದ ಅಕ್ಕ ಮಲಗುತ್ತಿದ್ದದ್ದು ನಡುಮನೆಯ ಮಡಚುವ ಮಂಚದಲ್ಲಿ.

ಎಂಬತ್ತರ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅಕ್ಕನೇ ಆಂಬುಲೆನ್ಸ್ ಕರೆಸಿ ಆಸ್ಪತ್ರೆಗೆ ಸೇರಿಸಿ ತಮ್ಮನಿಗೆ ಫೋನ್ ಮಾಡಿದರು. ಮರುದಿನ ಬೆಳಗ್ಗೆ ನಾನು ಬಟ್ಟೆಬರೆ ತೆಗೆದುಕೊಂಡು ಹೋದಾಗ ನರ್ಸ್ ಆಪರೇಷನ್ನಿನ ಒಪ್ಪಿಗೆ ಫಾರಂ ಹಿಡಿದು ಬಂದಳು.

“ಮನೇಲಿ ದೊಡ್ಡೋರು ಯಾರಾದ್ರೂ ಬಂದಿದಾರಾ?”

“ನಾನಿದೀನಿ. ಮಗಳು.”

“ನಿಮ್ಮ ಯಜಮಾನ್ರು?”

“ಮದ್ವೆ ಆಗಿಲ್ಲ.”

“ಹಂಗಾದ್ರೆ ಗಂಡಸ್ರು ಯಾರಾದ್ರೂ ಬರ್ಲಿ ಬಿಡಿ” ಎಂದು ಫಾರಂ ಹಿಂದಕ್ಕೆ ತೆಗೆದುಕೊಂಡಳು.

ಅಷ್ಟರಲ್ಲಿ ತಮ್ಮನ ಮಗ ಬಂದ. ಹುಡುಗನಿಗೆ ಇಪ್ಪತ್ತೈದು, ಮದುವೆಯಾಗಿ ಆರು ತಿಂಗಳು. ಅವನ ಅಪ್ಪ ಕಾರು ನಿಲ್ಲಿಸಿ ಬರುವುದರೊಳಗೆ ನರ್ಸ್ ಆ ಹುಡುಗನ ಕೈಗೇ ಪೆನ್ನು ಕೊಟ್ಟಳು. ಅವನು ಒಂದಕ್ಷರ ಓದದೆ ಸಹಿ ಗೀಚಿ, “ಪುಟ್ಟಿ ಅತ್ತೆ, ನೀವು ಟೆನ್ಶನ್ ಮಾಡ್ಕೋಬೇಡಿ, ಸುಮ್ನೆ ಕೂತ್ಕೊಳ್ಳಿ” ಎಂದ.

ಅರವಳಿಕೆ ಕೊಡುವ ಡಾಕ್ಟರು ಬಂದು ತಮ್ಮನನ್ನು ಕೇಳಿದರು: “ರಕ್ತ ತೆಳ್ಳಗೆ ಮಾಡೋ ಮಾತ್ರೆ ಏನಾದ್ರೂ ತಗೋತಾರಾ?”

“ಇಲ್ಲ ಡಾಕ್ಟ್ರೇ. ಬರೀ ಬಿಪಿ ಮಾತ್ರೆ.”

ಹಿಂದೆ ನಿಂತಿದ್ದ ಅಕ್ಕ, “ತಗೋತಾರೆ” ಎಂದರು.

ತಮ್ಮ ತಿರುಗಿಯೂ ನೋಡಲಿಲ್ಲ. “ಪುಟ್ಟಕ್ಕ, ಸ್ವಲ್ಪ ಸುಮ್ನಿರು. ದೊಡ್ಡೋರು ಮಾತಾಡ್ತಿದೀವಲ್ಲ.”

ಅವನು ಅವರಿಗಿಂತ ಮೂರು ವರ್ಷಕ್ಕೆ ಚಿಕ್ಕವನು. ಅಕ್ಕ ಅವನನ್ನು ಪಕ್ಕಕ್ಕೆ ಸರಿಸಿ, ಚೀಲದಿಂದ ಮಾತ್ರೆಯ ಸ್ಟ್ರಿಪ್ ತೆಗೆದು ಡಾಕ್ಟರ ಅಂಗೈಯಲ್ಲಿಟ್ಟರು. “ಎದೆಬಡಿತ ಏರುಪೇರಾಗುತ್ತೆ ಅಂತ ನಾಲ್ಕು ವರ್ಷದಿಂದ ಕೊಡ್ತಿದೀನಿ. ನಿನ್ನೆ ಬೆಳಗ್ಗೆನೂ ಕೊಟ್ಟಿದೀನಿ.”

ಡಾಕ್ಟರು ಅದರ ಮೇಲಿನ ಹೆಸರು ಓದಿದರು. ಆಪರೇಷನ್ ಎರಡು ದಿನ ಮುಂದಕ್ಕೆ ಹೋಯಿತು. ಗೊತ್ತಾಗದೆ ಹೋಗಿದ್ದರೆ ರಕ್ತ ನಿಲ್ಲಿಸುವುದೇ ಕಷ್ಟವಾಗುತ್ತಿತ್ತು ಎಂದರು. “ಒಳ್ಳೇದಾಯ್ತು ಹೇಳಿದ್ದು” ಎಂದು ಹೇಳುವಾಗ ಅವರು ನೋಡಿದ್ದು ತಮ್ಮನನ್ನು. ತಮ್ಮನೂ ತಲೆದೂಗಿದ.

ಅಕ್ಕ ಮೆಟ್ಟಿಲ ಮೇಲೆ ಬಂದು ಕೂತರು. ನಾನೂ ಪಕ್ಕದಲ್ಲಿ ಕೂತೆ.

“ಹದಿಮೂರಕ್ಕೇ ‘ಹುಡುಗಿ ದೊಡ್ಡೋಳಾದ್ಲು’ ಅಂತ ಮನೆಯವ್ರೆಲ್ಲ ಹೇಳಿದ್ರು. ಅದೂ ನಿಂತು ಮೂರು ವರ್ಷ ಆಯ್ತು. ದುಡಿದೆ, ಮನೆ ನಡೆಸ್ದೆ, ಅಪ್ಪನ್ನ ಕಳಿಸ್ಕೊಟ್ಟೆ. ಇನ್ನೇನಾಗ್ಬೇಕು ನಂಗೆ, ದೊಡ್ಡೋಳಾಗೋಕೆ?”

  ಮೂಗು ಒರೆಸಿಕೊಂಡು ಅಮ್ಮನ ಹಾಸಿಗೆಯ ಬಳಿ ಹೋದರು.

ಆಪರೇಷನ್ ಚೆನ್ನಾಗಿಯೇ ಆಯಿತು. ಮನೆಗೆ ಕಳಿಸುವ ದಿನ ತಮ್ಮ, ಕಾರಿನ ಕೀಲಿ ತಿರುಗಿಸುತ್ತ, “ಅಮ್ಮ ಎಂದಿನಂಗೆ ಪುಟ್ಟಕ್ಕನ ಜೊತೆ ಇರ್ಲಿ. ಅವಳಿಗೇನು, ಹಿಂದೆಮುಂದೆ ಯಾರಿದಾರೆ?” ಎಂದ.

“ಮೊದಲ್ನೇ ತಿಂಗಳು ನಿನ್ನ ಮನೇಲಿ” ಎಂದರು ಅಕ್ಕ. “ಎರಡ್ನೇದು ನನ್ನ ಮನೇಲಿ. ಆಮೇಲೂ ಹಂಗೇ, ತಿಂಗಳು ಬಿಟ್ಟು ತಿಂಗಳು.”

ತಮ್ಮ ನಕ್ಕ. “ತಮಾಷೆ ಮಾಡ್ತಿದೀಯಾ? ನಮಗೆ ಸಂಸಾರ ಇದೆ.”

“ನಂಗೂ ಇದೆ. ಅದನ್ನ ಇಲ್ಲೀವರೆಗೂ ಒಬ್ಬಳೇ ಎಳೆದಿದೀನಿ. ಫಾರಂಗೆ ನಿನ್ನ ಮಗ ಸಹಿ ಹಾಕಿದಾನೆ. ನೀವೇ ಕರ್ಕೊಂಡ್ಹೋಗಿ.” ಯಾವ ಮಾತ್ರೆ ಯಾವ ಹೊತ್ತಿಗೆ ಎಂದು ಬರೆದ ಹಾಳೆಯನ್ನು ಅವನ ಜೇಬಿಗೆ ತುರುಕಿದರು.

ಗಾಲಿಕುರ್ಚಿಯಲ್ಲಿದ್ದ ಅಮ್ಮ ಅಳತೊಡಗಿದರು. “ನನ್ನ ಬಿಟ್ಟುಬಿಡ್ತೀಯಾ ಕೂಸೇ?”

“ಬಿಡಲ್ಲಮ್ಮ. ತಿಂಗಳು ತುಂಬಿದ ದಿನ ನಾನೇ ಬರ್ತೀನಿ.”

ಅವತ್ತು ಸಂಜೆಯೇ ಅಕ್ಕ ಮುಚ್ಚಿದ್ದ ಕೋಣೆಯ ಬಾಗಿಲು ತೆಗೆದು, ತಮ್ಮನ ಹಾಸಿಗೆ ಸುತ್ತಿ ಅಟ್ಟಕ್ಕೆ ಹಾಕಿ, ತಾವು ಉಡುವ ಬಟ್ಟೆಗಳನ್ನು ಅಲ್ಲಿಗೆ ಸಾಗಿಸಿದರು. ಸೋದರಮಾವ ಫೋನ್ ಮಾಡಿ, “ಹಠ ಮಾಡ್ಬೇಡ ಪುಟ್ಟೀ” ಎಂದರಂತೆ. ಐವತ್ತು ದಾಟಿದ ಗಂಡಸು ಒಂದು ಮಾತಿಗೆ ನಿಂತರೆ ಅದು ತೀರ್ಮಾನ, ಇವರು ನಿಂತರೆ ಹಠ. ಅಕ್ಕ ಫೋನ್ ಇಟ್ಟುಬಿಟ್ಟರು. ಆದರೆ ಅವರಿಗೆ ಅದು ಹಗುರವಾಗಿರಲಿಲ್ಲ. ಮೊದಲ ವಾರವೆಲ್ಲ ಮಾತ್ರೆಯ ಹೊತ್ತಿಗೆ ಎಚ್ಚರವಾಗಿ, ಅಮ್ಮನ ಖಾಲಿ ಮಂಚದ ತುದಿಯಲ್ಲಿ ಕೂತಿರುತ್ತಿದ್ದೆ ಎಂದು ನನಗೆ ಹೇಳಿದರು.

ತಿಂಗಳು ತುಂಬಿದ ದಿನ ಹೇಳಿದಂತೆ ಹೋಗಿ ಅಮ್ಮನನ್ನು ಕರೆತಂದರು. ದಾರಿಯಲ್ಲಿ ಅಮ್ಮ ಕೇಳಿದರಂತೆ, “ನನ್ನ ಮೇಲೆ ಸಿಟ್ಟಾ?”

“ಹೂಂ, ಇದೆ.”

 “ಇರ್ಲಿ. ಇರೋದೇ ಸರಿ” ಎಂದು ಅಮ್ಮ ಮಗಳ ಮಣಿಕಟ್ಟು ಹಿಡಿದುಕೊಂಡರಂತೆ.

ಆ ಏರ್ಪಾಡು ಈಗಲೂ ಹಾಗೇ ನಡೆದಿದೆ. ತಮ್ಮ ಅಕ್ಕನ ಜೊತೆ ಮಾತು ಬಿಟ್ಟಿದ್ದಾನೆ. ಮಾತ್ರೆಯ ವಿಷಯ ಕೇಳಬೇಕಾದಾಗ ಹೆಂಡತಿಯ ಕೈಲಿ ಫೋನ್ ಮಾಡಿಸುತ್ತಾನೆ.